ದರೋಜಿ ಕರಡಿನ ಆಯಿಲ್ ಪೇಂಟಲ್ಲಿ ಬಿಡಿಸೋದು ಹೆಂಗೆ? ಹೊಸಬರಿಗೆ ಮೊದಲಿಂದ ಕೊನೆವರೆಗೂ

ಮೊದಲನೇ ಕರಡಿ ಬಿಡಿಸಿದಾಗ ಕಪ್ಪು ಟ್ಯೂಬ್ ಹಿಂಡಿ ಮೈತುಂಬ ಬಳಿದುಬಿಟ್ಟಿದ್ದೆ. ಒಣಗಿದ್ಮೇಲೆ ಗೋಡೆಗೆ ಆನಿಸಿ ದೂರ ನಿಂತು ನೋಡಿದ್ರೆ ಪ್ರಾಣಿನೇ ಕಾಣ್ತಿರಲಿಲ್ಲ, ಕ್ಯಾನ್ವಾಸಿಗೆ ತೂತು ಬಿದ್ದಂಗೆ ಕಾಣ್ತಿತ್ತು. ಅವ್ವ ಬಂದು ನೋಡಿ "ಎಮ್ಮಿ ಮಲಗೈತೇನು?" ಅಂದ್ಲು. ಅವಳು ಹೇಳಿದ್ದು ಸರಿ ಇತ್ತು, ಕರಡಿಗೆ ಇರಬೇಕಾದ ಬಿಳಿಚು ಮೂತಿ ಇಲ್ಲ, ಬೆನ್ನ ಮೇಲೆ ಬೆಳಕಿಲ್ಲ, ಬರೀ ಕಪ್ಪು ಗುಡ್ಡೆ. ಆಮೇಲೆ ಇನ್ನೆರಡು ಬಿಡಿಸಿದೆ, ಹತ್ರ ಹತ್ರ ಒಂದು ವರ್ಷ ಹಿಡೀತು, ಕೆಲ್ಸ ಮುಗಿಸಿ ಬಂದು ರಾತ್ರಿ ಒಂದೊಂದು ತಾಸು ಕೂತು ಮಾಡಿದ್ದು. ಮೂರನೇದು ಈಗ ಒಣಗಾಕೆ ಇಟ್ಟೀನಿ, ಅದನ್ನ ನೋಡಿದೋರು ಯಾರೂ ಯಾವ ಪ್ರಾಣಿ ಅಂತ ಕೇಳಿಲ್ಲ. ಈ ಮೂರರ ನಡುವೆ ಏನೇನು ಕಲಿತೆ ಅನ್ನೋದನ್ನ ಸಾಮಾನು ತರೋದ್ರಿಂದ ವಾರ್ನಿಶ್ ತನಕ ಬಿಡಿಸಿ ಹೇಳ್ತೀನಿ.

ಕರಡಿನೇ ಯಾಕೆ ಅಂದ್ರೆ ನಾವು ಕಂಪ್ಲಿಯೋರು, ದರೋಜಿ ಕರಡಿಧಾಮ ನಮಗೆ ಮಗ್ಗಲಲ್ಲೇ ಐತೆ. 1994ರಲ್ಲಿ ಅದನ್ನ ಕರಡಿಗಳಿಗೇ ಅಂತ ಘೋಷಣೆ ಮಾಡಿದ್ದು. ಮಧ್ಯಾಹ್ನದ ಮೇಲೆ ಅಲ್ಲಿನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರ್ತಾರೆ, ಹೊತ್ತು ಇಳಿಯೋ ಹೊತ್ತಿಗೆ ಗುಡ್ಡದ ಸಂದಿಯಿಂದ ಕರಡಿ ಒಂದೊಂದೇ ಇಳಿದು ಬಂದು ನೆಕ್ಕತಾವೆ, ಎದುರಿಗಿರೋ ವಾಚ್ ಟವರ್ ಮೇಲಿಂದ ನೋಡಬಹುದು. ಕಿಷ್ಕಿಂಧೆ ಸೀಮೆಯಾಗೆ ಹುಟ್ಟಿ ಜಾಂಬವಂತನ ಕತೆ ಕೇಳ್ತಾ ಬೆಳೆದೋರು ಹುಲಿ ಸಿಂಹನೇ ಯಾಕೆ ಬಿಡಿಸ್ಬೇಕು ಅಂತ ನಂಗೆ ಅನಿಸ್ತು.

ಮೊದಲು ಪೆನ್ಸಿಲ್, ಆಮೇಲೆ ಬಣ್ಣ

ನೆಟ್ಟಲ್ಲಿ ಕರಡಿ ಅಂತ ಹುಡುಕಿದ್ರೆ ಬರೋವು ಹೆಚ್ಚಿನವು ಅಮೆರಿಕಾದ ಕಂದು ಕರಡಿ, ಅದಕ್ಕೆ ಹೆಗಲ ಮೇಲೆ ಗೂನು ಇರ್ತೈತೆ, ಕಿವಿ ಸಣ್ಣವು ಗುಂಡಗಿರ್ತಾವೆ. ಅದನ್ನ ನೋಡಿ ಕಪ್ಪು ಬಳಿದ್ರೆ ನಮ್ಮ ಕರಡಿ ಆಗಲ್ಲ. ನಮ್ಮದು ಜೇನು, ಇರುವೆ, ಗೆದ್ದಲು ತಿನ್ನೋ ಕರಡಿ, ಇಂಗ್ಲಿಷಲ್ಲಿ ಸ್ಲೋತ್ ಬೇರ್ ಅಂತಾರೆ, ಮೂತಿ ಉದ್ದ, ಕೂದಲು ಕಮ್ಮಿ, ಬೂದಿ ಮಿಶ್ರ ಬಿಳಿಚು ಬಣ್ಣ. ಕೆಳತುಟಿ ಜೋತು ಮುಂದಕ್ಕೆ ಬರ್ತೈತೆ. ಮೇಲಿನ ಮುಂದಿನ ಎರಡು ಹಲ್ಲು ಇರೋದೇ ಇಲ್ಲ, ಆ ಸಂದಿಯಿಂದಾನೇ ಗೆದ್ದಲನ್ನ ಎಳ್ಕೊಳ್ತೈತೆ. ಕಿವಿ ದೊಡ್ಡವು, ಕಿವಿ ಮೇಲಿಂದಾನೂ ಕೂದಲು ಇಳಿಬಿದ್ದಿರ್ತಾವೆ. ಕುತ್ತಿಗೆ, ಹೆಗಲಿನ ಮೇಲೆ ಕೂದಲು ಎಲ್ಲಕ್ಕಿಂತ ಉದ್ದ, ಹೊಟ್ಟೆ ಹತ್ರ ತೆಳುವು. ಎದೆ ಮೇಲೆ ಇಂಗ್ಲಿಷಿನ ಯು ಇಲ್ಲಾ ವಿ ಅಕ್ಷರದಂಗೆ ಬಿಳಿ ಗುರುತು, ಮುಂಗಾಲು ನಡೆಯುವಾಗ ಒಳಕ್ಕೆ ತಿರುಗಿರ್ತಾವೆ, ಉಗುರು ಉದ್ದ, ಬಾಗಿರ್ತಾವೆ, ದಂತದ ಬಣ್ಣ, ಬೆಕ್ಕಿನಂಗೆ ಒಳಗೆ ಎಳ್ಕೊಳ್ಳಾಕೆ ಬರಲ್ಲ. ಇಷ್ಟು ಗೊತ್ತಿದ್ರೆ ಅರ್ಧ ಚಿತ್ರ ಆದಂಗೆ.

ಅದಕ್ಕೆ ಟವರ್ ಮೇಲೆ ಒಂದೆರಡು ಸಲನಾದ್ರೂ ಹೋಗಿ ಕೂತು ಸಣ್ಣ ಬುಕ್ಕಲ್ಲಿ ಸ್ಕೆಚ್ ಮಾಡ್ರಿ. ಬಂಡೆ ದೂರ ಇರೋದ್ರಿಂದ ಮೊಬೈಲ್ ಫೋಟೋದಾಗೆ ಕರಡಿ ಇರುವೆಯಷ್ಟು ಕಾಣ್ತೈತೆ, ಬೈನಾಕ್ಯುಲರ್ ಬೇಕೇ ಬೇಕು. ಒಂದು ಕಡೆ ನಿಲ್ಲಲ್ಲ ಅವು, ಹಂಗಾಗಿ ಅರ್ಧ ನಿಮಿಷದ ಗೆರೆ ಸಾಕು, ಬೆನ್ನಿನ ಇಳಿಜಾರು, ತಲೆ ಎಷ್ಟು ಕೆಳಗೈತೆ, ಕಾಲು ಎಲ್ಲಿ ಊರೈತೆ ಅಷ್ಟೇ. ಪೇಂಟಿಂಗಿಗೆ ಬೇಕಾದ ದೊಡ್ಡ ಫೋಟೋನ ದೊಡ್ಡ ಲೆನ್ಸ್ ಇರೋ ಗೆಳೆಯನ್ನ ಕೇಳಿ ಇಸ್ಕೊಂಡೆ. ಬೇರೆಯೋರ ಫೋಟೋ ಬಳಸಿದ್ರೆ ಕೇಳಿ ಬಳಸ್ರಿ, ಅವರೂ ಬಿಸಿಲಾಗೆ ಕೂತು ತೆಗೆದಿರ್ತಾರೆ.

ಇನ್ನೊಂದು ಮಾತು. ನಮ್ಮಜ್ಜ ಹೇಳೋನು, ಮೊದಲೆಲ್ಲ ಕರಡಿ ಮೂಗಿಗೆ ಹಗ್ಗ ಪೋಣಿಸಿ ಓಣಿ ಓಣಿ ಕುಣಿಸ್ಕೊಂಡು ಬರೋರಂತೆ, ಮಕ್ಕಳಿಗೆ ಅದರ ಕೂದಲಿನ ತಾಯ್ತ ಕಟ್ಟೋರಂತೆ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಅದು ಅಪರಾಧ. ನಾನಂತೂ ಅದನ್ನ ಅದರ ಬಂಡೆ ಮೇಲೆ, ಅದರ ಪಾಡಿಗೆ ಅದು ಇರೋ ಹಂಗೆನೇ ಬಿಡಿಸೋದು.

ಸಾಮಾನು: ಕಮ್ಮಿ ತರ್ರಿ

ಬಣ್ಣ ಆರೇ ಸಾಕು. ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಹಸಿರು ಬೇಕಂದ್ರೆ ಒಂದು ಲೆಮನ್ ಯೆಲ್ಲೋ. ವೈಟ್ ದೊಡ್ಡ ಟ್ಯೂಬ್ ತಗೊಳ್ರಿ, ಅದೇ ಮೊದಲು ಮುಗಿಯೋದು. ಕಪ್ಪು ತರಲೇಬ್ಯಾಡ್ರಿ. ಸೆಟ್ ತಗೊಂಡ್ರೆ ಅದ್ರಾಗೆ ಬಂದೇ ಬರ್ತೈತೆ, ಅದನ್ನ ಬೇರೆ ಡಬ್ಬಿಯಾಗೆ ಹಾಕಿ ಇಡ್ರಿ.

ಓಕರ್ (ಹಳದಿ), ಸಿಯೆನ್ನಾ (ಕೆಂಪು ಕಂದು), ಅಂಬರ್ (ದಟ್ಟ ಕಂದು) ಈ ಮೂರೂ ಮಣ್ಣಿನ ಬಣ್ಣ, ಅವುಗಳ ಕೆಂಪು ಹಳದಿ ಎಲ್ಲಾ ಬರೋದು ಕಬ್ಬಿಣದ ಅಂಶದಿಂದ. ಸಂಡೂರಿನ ಗುಡ್ಡ ಕೆಂಪಗಿರೋದೂ ಅದಕ್ಕೇ. ಗಂಗಾವತಿ ಹತ್ರ ಹಿರೇಬೆಣಕಲ್ ಬೆಟ್ಟದಾಗೆ ಸಾವಿರಾರು ವರ್ಷದ ಹಿಂದಿನೋರು ಬಂಡೆ ಮೇಲೆ ಪ್ರಾಣಿ, ಮನುಷ್ಯರನ್ನ ಬಿಡಿಸಿದ್ದೂ ಇಂಥ ಕೆಂಪು ಕಾವಿಯಿಂದಾನೇ. ಹಂಗಾಗಿ ನಮ್ಮ ನೆಲದ ಚಿತ್ರಕ್ಕೆ ಈ ಮೂರು ಟ್ಯೂಬ್ ತಾವಾಗೇ ಹೊಂದ್ತಾವೆ, ಬಂಡೆ ಬಣ್ಣ ಹೆಂಗೆ ತರ್ಲಿ ಅಂತ ಒದ್ದಾಡೋ ಪ್ರಸಂಗ ಬರಲ್ಲ.

ಬ್ರಶ್ ವಿಷಯಕ್ಕೆ ಬಂದ್ರೆ ಬಿರುಸು ಕೂದಲಿನ ಚಪ್ಪಟೆ ಬ್ರಶ್ ದೊಡ್ಡದೊಂದು, ಮಧ್ಯಮದೊಂದು, ತುದಿ ದುಂಡಗಿರೋ ಫಿಲ್ಬರ್ಟ್ ಒಂದು, ಉದ್ದ ತೆಳ್ಳನೆ ರಿಗ್ಗರ್ ಒಂದು. ಪ್ಯಾಲೆಟ್‌ಗೆ, ಅಂದ್ರೆ ಬಣ್ಣ ಕಲಸೋ ಹಲಗೆಗೆ, ದುಡ್ಡು ಹಾಕಬ್ಯಾಡ್ರಿ, ಅಂಚು ಉಜ್ಜಿಸಿದ ಒಂದು ಗಾಜಿನ ಹಾಳೆ ತಗೊಂಡು ಅಡಿಗೆ ಬೂದು ಕಾಗದ ಅಂಟಿಸಿದ್ರೆ ಬಣ್ಣದ ತಿಳಿ ದಟ್ಟ ಎಷ್ಟು ಅಂತ ಸರಿಯಾಗಿ ಗೊತ್ತಾಗ್ತೈತೆ. ಒರೆಸಾಕೆ ಹಳೆ ಪಂಚೆ.

ಎಣ್ಣೆ ಬಗ್ಗೆ ಭಾಳ ಜನ ಕೇಳ್ತಾರೆ. ಲಿನ್‌ಸೀಡ್ ಆಯಿಲ್ ಅಂದ್ರೆ ನಮ್ಮ ಅಗಸಿ ಎಣ್ಣೆ, ನಾವು ರೊಟ್ಟಿ ಜೊತೆ ಹಿಂಡಿ ಮಾಡ್ಕೊಂಡು ತಿಂತೀವಲ್ಲ, ಅದೇ ಅಗಸಿ. ಪೇಂಟಿಂಗಿಗೆ ಅಂತ ಶುದ್ಧ ಮಾಡಿದ್ದನ್ನ ಆರ್ಟ್ ಅಂಗಡಿಯಾಗೆ ಸಣ್ಣ ಬಾಟ್ಲಿಯಾಗೆ ಮಾರ್ತಾರೆ. ಶೇಂಗಾ ಎಣ್ಣೆ ಹಾಕಿದ್ರೆ ಆಗಲ್ವಾ ಅಂದ್ರೆ ಆಗಲ್ಲ, ಅದು ಒಣಗೋ ಜಾತಿ ಎಣ್ಣೆ ಅಲ್ಲ, ವರ್ಷ ಬಿಟ್ರೂ ಅಂಟಂಟಾಗೇ ಇರ್ತೈತೆ. ಕುಸುಬಿ ಎಣ್ಣೆ ಮಾತ್ರ ಒಣಗ್ತೈತೆ, ನಿಧಾನ ಒಣಗಿದ್ರೂ ಹಳದಿ ಆಗೋದು ಕಮ್ಮಿ ಅಂತ ಬಿಳಿ ಬಣ್ಣ ಅರೆಯಾಕೆ ಕಂಪನಿಯೋರು ಬಳಸ್ತಾರೆ. ತೆಳು ಮಾಡಾಕೆ ಟರ್ಪಂಟೈನ್, ಅದೂ ಆರ್ಟ್ ಅಂಗಡಿದೇ. ಸೀಮೆಎಣ್ಣೆ ಪೆಟ್ರೋಲ್ ಮುಟ್ಟಬ್ಯಾಡ್ರಿ. ಕಿಟಕಿ ತೆಗೆದಿಟ್ಟೇ ಕೆಲಸ ಮಾಡ್ರಿ, ಟರ್ಪಂಟೈನ್ ವಾಸನೆ ಮುಚ್ಚಿದ ಕೋಣೆಯಾಗೆ ತಲೆ ಹಿಡೀತೈತೆ.

ಬೋರ್ಡಿನ ತಳ ಹದ ಮಾಡೋದು

ಹೊಸಬರು 12×16 ಇಂಚಿನ ಕ್ಯಾನ್ವಾಸ್ ಬೋರ್ಡಿಂದ ಶುರು ಮಾಡಿದ್ರೆ ಸಾಕು. ಅಂಗಡಿಯಿಂದ ತಂದಿದ್ದಕ್ಕೂ ನಾನು ಮೇಲೆ ಇನ್ನೆರಡು ಕೋಟ್ ಜೆಸ್ಸೋ, ಅಂದ್ರೆ ಬಣ್ಣಕ್ಕಿಂತ ಮೊದಲು ಬಳಿಯೋ ಬಿಳಿ ಲೇಪ, ಹಚ್ತೀನಿ, ಒಣಗಿದ್ಮೇಲೆ ನಯಾ ಮರಳು ಕಾಗದದಿಂದ ಹಗುರಕ್ಕೆ ಉಜ್ತೀನಿ. ಇದ್ಯಾಕೆ ಅಂದ್ರೆ ಬರೀ ಬಟ್ಟೆ ಮೇಲೆ ಎಣ್ಣೆ ಬಿದ್ರೆ ಬಟ್ಟೆ ದಿನ ಹೋದಂಗೆ ಹಾಳಾಗ್ತೈತೆ. ಕೊಪ್ಪಳದ ಕಿನ್ನಾಳ ಗೊಂಬೆ ಮಾಡೋರನ್ನ ನೋಡ್ರಿ, ಮರದ ಮೇಲೆ ನೇರ ಬಣ್ಣ ಹಚ್ಚಲ್ಲ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಅನ್ನೋ ಮೆತ್ತೆ ಬಳಿದು, ಅರಳೆ ಅಂಟಿಸಿ, ಕಲ್ಲಿನ ಪುಡಿ ಕಲಸಿದ ಲೇಪ ಹಚ್ಚಿ ಆಮೇಲೆ ಬಣ್ಣಕ್ಕೆ ಬರ್ತಾರೆ. ಅವರ ಲೇಪ ಮಾಡೋ ಕೆಲಸನ ಇಲ್ಲಿ ಜೆಸ್ಸೋ ಮಾಡ್ತೈತೆ.

ಆಮೇಲೆ ಬರ್ಂಟ್ ಸಿಯೆನ್ನಾನ ಟರ್ಪಂಟೈನಲ್ಲಿ ನೀರಿನಂಗೆ ತೆಳು ಮಾಡಿ ಇಡೀ ಬೋರ್ಡಿಗೆ ಬಳಿದು ಬಟ್ಟೆಯಿಂದ ಒರೆಸ್ರಿ. ಬಿಳಿ ಹೋಗಿ ಕೆಂಪು ಮಣ್ಣಿನ ಬಣ್ಣ ಉಳೀತೈತೆ. ಬಿಳಿ ಮೇಲೆ ಯಾವ ಬಣ್ಣ ಇಟ್ರೂ ಕಪ್ಪಗೇ ಕಾಣ್ತೈತೆ, ಹಂಗಾಗಿ ಹೊಸಬರು ಹೆದರಿ ಹೆದರಿ ತಿಳಿ ಮಾಡ್ತಾ ಹೋಗ್ತಾರೆ, ಕೊನೆಗೆ ಚಿತ್ರ ಸುಣ್ಣ ಬಳಿದಂಗಾಗ್ತೈತೆ. ಈ ಕೆಂಪು ತಳ ಅಲ್ಲಲ್ಲಿ ಕರಡಿ ಕೂದಲ ಸಂದಿಯಿಂದ ಇಣುಕಿದ್ರೂ ಚಂದನೇ, ಅಲ್ಲಿ ನಿಜವಾಗ್ಲೂ ಮಣ್ಣೇ ಇರ್ತೈತೆ.

ಗೆರೆ, ಆಮೇಲೆ ಬೆಳಕು ನೆರಳು

ಫೋಟೋ ಮೇಲೂ ಬೋರ್ಡ್ ಮೇಲೂ ಸಮ ಲೆಕ್ಕದ ಚೌಕ ಹಾಕ್ಕೊಂಡು ಅಂಬರ್ ಬಣ್ಣದ ತೆಳು ಗೆರೆಯಾಗೆ ಬಿಡಿಸ್ರಿ. ಶಾಲೆಯಾಗೆ ಚಾರ್ಟ್ ದೊಡ್ಡದು ಮಾಡಾಕೆ ಹಾಕ್ತಿದ್ವಲ್ಲ ಅದೇ ಚೌಕ, ಇದ್ರಾಗೆ ನಾಚಿಕೆ ಪಡೋದು ಏನೂ ಇಲ್ಲ. ಕೂದಲು ಈಗಲೇ ಬಿಡಿಸಬ್ಯಾಡ್ರಿ. ಕೂದಲ ಕೆಳಗಿರೋ ಮೈ ಬಿಡಿಸ್ರಿ, ಹೆಗಲ ಮೂಳೆ ಎಲ್ಲಿ, ಮೊಣಕಾಲು ಎಲ್ಲಿ, ಪೃಷ್ಠ ಎಲ್ಲಿ. ನನ್ನ ಎರಡನೇ ಕರಡಿ ಕೆಟ್ಟಿದ್ದು ಇಲ್ಲೇ, ಕೂದಲು ಒಂದೊಂದೇ ಎಳೆ ಎಳೆದು ಹದಿನೈದು ರಾತ್ರಿ ಕಳೆದೆ, ಕೊನೆಗೆ ಅದು ಕಂಬಳಿ ಹೊದಿಸಿದ ಮೂಟೆ ಆತು, ಒಳಗೆ ಎಲುಬೇ ಇರಲಿಲ್ಲ.

ಗೆರೆ ಆದ್ಮೇಲೆ ಅಂಬರ್ ಒಂದೇ ಬಣ್ಣದಾಗೆ ಇಡೀ ಚಿತ್ರ ಮಾಡ್ಕೊಳ್ರಿ. ಕಣ್ಣು ಅರ್ಧ ಮುಚ್ಚಿ ಫೋಟೋ ನೋಡ್ರಿ, ಸಣ್ಣ ಪುಟ್ಟದೆಲ್ಲ ಮಾಯ ಆಗಿ ದೊಡ್ಡ ಮೂರ್ನಾಲ್ಕು ತುಂಡು ಮಾತ್ರ ಉಳೀತಾವೆ, ತಿಳಿ, ಮಧ್ಯಮ, ದಟ್ಟ, ಭಾಳ ದಟ್ಟ. ದಟ್ಟ ಇರೋ ಕಡೆ ಬಣ್ಣ ಹಚ್ರಿ, ತಿಳಿ ಬೇಕಾದ ಕಡೆ ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ ತೆಗೀರಿ. ಮೊಬೈಲಾಗೆ ಫೋಟೋನ ಬ್ಲಾಕ್ ಅಂಡ್ ವೈಟ್ ಮಾಡಿ ಪಕ್ಕಕ್ಕೆ ಇಟ್ಕೊಂಡ್ರೆ ಇನ್ನೂ ಸುಲಭ. ಈ ಹಂತದಾಗೆ ಆರಡಿ ದೂರದಿಂದ ಕರಡಿ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮುಂದೆ ಹೋಗಬ್ಯಾಡ್ರಿ, ಒರೆಸಿ ಮತ್ತೆ ಮಾಡ್ರಿ, ಬರೀ ಅಂಬರ್ ತಾನೇ, ಹೋದ್ರೆ ಒಂದು ರಾತ್ರಿ ಹೋಗ್ತೈತೆ.

ಕಪ್ಪು ಅನ್ನೋದು ನಾಲ್ಕು ಥರ

ಇಡೀ ಗೈಡಲ್ಲಿ ಇದೊಂದು ಭಾಗ ನಿಧಾನಕ್ಕೆ ಓದ್ರಿ. ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಅಂಬರ್ ಎರಡೂ ಕಲಸಿದ್ರೆ ಕಪ್ಪು ಬರ್ತೈತೆ, ಟ್ಯೂಬಿನ ಕಪ್ಪಿಗಿಂತ ಜೀವ ಇರೋ ಕಪ್ಪು. ನೀಲಿ ಜಾಸ್ತಿ ಆದ್ರೆ ತಂಪು ಕಪ್ಪು, ಅಂಬರ್ ಜಾಸ್ತಿ ಆದ್ರೆ ಬೆಚ್ಚಗಿನ ಕಪ್ಪು. ಇದನ್ನ ಎಲ್ಲೆಲ್ಲಿ ಇಡ್ಬೇಕು ಅನ್ನೋದು ಟವರ್ ಮೇಲೆ ಕೂತು ನೋಡಿದ್ರೆ ಗೊತ್ತಾಗ್ತೈತೆ. ಕರಡಿ ಬೆನ್ನು ಆಕಾಶಕ್ಕೆ ಮುಖ ಮಾಡಿರ್ತೈತೆ, ಕಪ್ಪು ಕೂದಲು ಎಣ್ಣೆ ಹಚ್ಚಿದ ತಲೆಗೂದಲಂಗೆ ಮಿಂಚೋದ್ರಿಂದ ಆಕಾಶದ ನೀಲಿ ಅದರ ಮೇಲೆ ಬೂದು ನೀಲಿಯಾಗಿ ಕೂರ್ತೈತೆ. ಹೊಟ್ಟೆ, ಕಾಲಿನ ಒಳಭಾಗ ನೆಲಕ್ಕೆ ಮುಖ ಮಾಡಿರ್ತಾವೆ, ಬಿಸಿಲು ಬಿದ್ದ ಕೆಂಪು ಮಣ್ಣಿನ ಬೆಳಕು ಕೆಳಗಿಂದ ಎದ್ದು ಅಲ್ಲಿ ತಾಕ್ತೈತೆ, ಹಂಗಾಗಿ ನೆರಳಾದ್ರೂ ಅಲ್ಲಿ ಬೆಚ್ಚಗಿನ ಕಂದು. ಸಂಜೆ ಬಿಸಿಲು ನೇರ ಬೀಳೋ ಹೆಗಲ ಅಂಚಿಗೆ ಮಾತ್ರ ಸಿಯೆನ್ನಾ ಜೊತೆ ಚೂರು ಓಕರ್.

ಹಂಗಾಗಿ ಪ್ಯಾಲೆಟ್ ಮೇಲೆ ಮೊದಲೇ ನಾಲ್ಕು ಗುಡ್ಡೆ ಕಲಸಿ ಇಟ್ಕೊಳ್ರಿ. ಒಂದು ಬೆನ್ನಿಗೆ, ತಂಪು ಕಪ್ಪಿಗೆ ಬಿಳಿ ಸೇರಿಸಿದ ಬೂದು ನೀಲಿ. ಎರಡನೇದು ಮಗ್ಗಲಿಗೆ, ಅತ್ತ ತಂಪೂ ಅಲ್ಲ ಇತ್ತ ಬೆಚ್ಚಗೂ ಅಲ್ಲ. ಮೂರನೇದು ಹೊಟ್ಟೆಗೆ, ಅಂಬರ್ ಸಿಯೆನ್ನಾ ಜಾಸ್ತಿ. ನಾಲ್ಕನೇದು ಎಲ್ಲಕ್ಕಿಂತ ದಟ್ಟ, ಕಂಕುಳು, ಕಿವಿ ಒಳಗೆ, ಪಾದದ ಕೆಳಗೆ ಅಷ್ಟೇ. ಈ ನಾಲ್ಕನೇದನ್ನ ಬಂಗಾರದಂಗೆ ಕೈ ಬಿಗಿ ಹಿಡಿದು ಬಳಸ್ರಿ. ನಂದು ಮೊದಲನೇದು ತೂತಾಗಿ ಕಂಡಿದ್ದು ಎಲ್ಲಾ ಕಡೆ ಇದನ್ನೇ ಬಳಿದಿದ್ದಕ್ಕೆ.

ಮೈ ತುಂಬೋದು, ಕಾಯೋದು

ದೊಡ್ಡ ಬ್ರಶ್ ತಗೊಂಡು ಕರಡಿ, ಬಂಡೆ, ಹಿಂದಿನ ಜಾಲಿ ಪೊದೆ ಎಲ್ಲಾ ಒಂದೇ ಸಲ ತುಂಬ್ಕೊಂಡು ಬರ್ರಿ. ಕರಡಿ ಮುಗಿಸಿ ಆಮೇಲೆ ಹಿನ್ನೆಲೆ ಮಾಡ್ತೀನಿ ಅಂದ್ರೆ ಅದು ಕತ್ತರಿಸಿ ಅಂಟಿಸಿದ ಹಂಗೆ ಕಾಣ್ತೈತೆ. ಬಂಡೆ ನಮ್ಮ ಕಡೆ ಗ್ರಾನೈಟು, ಬೂದು ಬಣ್ಣದೊಳಗೆ ಗುಲಾಬಿ ಛಾಯೆ, ಬೆಲ್ಲ ಸವರಿದ ಕಡೆ ಒದ್ದೆ ಕಲೆ. ಬೆನ್ನಿನ ಬಣ್ಣ ಹಸಿ ಇರುವಾಗಲೇ ಒಣ ಬ್ರಶ್‌ನಿಂದ ಅಂಚನ್ನ ಹಿನ್ನೆಲೆ ಕಡೆಗೆ ಹಗುರಕ್ಕೆ ಎಳೆದುಬಿಟ್ರೆ ಅಂಚಿನ ಕೂದಲು ಅರ್ಧ ತಾನೇ ಆಗ್ತೈತೆ.

ಈ ಮೊದಲ ಪದರಕ್ಕೆ ಟರ್ಪಂಟೈನ್ ಮಾತ್ರ. ಎರಡನೇದಕ್ಕೆ ಚೂರು ಎಣ್ಣೆ, ಮೂರನೇದಕ್ಕೆ ಇನ್ನೊಂಚೂರು. ಕೆಳಗೆ ಎಣ್ಣೆ ಜಾಸ್ತಿ, ಮೇಲೆ ಕಮ್ಮಿ ಆದ್ರೆ ಮೇಲಿಂದು ಮೊದಲು ಗಟ್ಟಿ ಆಗ್ತೈತೆ, ಕೆಳಗಿಂದು ಇನ್ನೂ ಅಲುಗಾಡ್ತಿರ್ತೈತೆ, ಎರೆ ಭೂಮಿ ಮೇಲೆ ಪಾಯ ಸರಿ ಹಾಕ್ದೆ ಕಟ್ಟಿದ ಗೋಡೆ ಬಿರುಕು ಬಿಡ್ತೈತಲ್ಲ, ಹಂಗೆ ಬಿಡ್ತೈತೆ.

ಆಯಿಲ್ ಒಣಗೋದು ನೀರು ಆರಿದಂಗಲ್ಲ, ಎಣ್ಣೆ ಗಾಳಿಯೊಳಗಿನ ಆಕ್ಸಿಜನ್ ಹೀರಿ ಗಟ್ಟಿ ಆಗ್ತೈತೆ. ಅಂಬರ್ ಇರೋ ಬಣ್ಣ ಬೇಗ ಒಣಗ್ತಾವೆ, ಅದ್ರಾಗಿರೋ ಮ್ಯಾಂಗನೀಸ್ ಅದಕ್ಕೆ ಕಾರಣ. ಬಿಳಿ ಜಾಸ್ತಿ ಇರೋವು ತಡ. ನಮ್ಮ ಬೇಸಿಗೆಯಾಗೆ ಬೇಗ ಆಗ್ತೈತೆ, ಆದ್ರೆ ಧೂಳು. ಭತ್ತದ ಸುಗ್ಗಿಯಾಗೆ ಗಾಳಿ ತುಂಬ ತೌಡು, ಹೊಟ್ಟು ಇರ್ತೈತೆ, ಹಸಿ ಬಣ್ಣದ ಮೇಲೆ ಕೂತ್ರೆ ಬಿಡಲ್ಲ. ನಾನು ಬೋರ್ಡನ್ನ ಗೋಡೆ ಕಡೆ ಮುಖ ಮಾಡಿ ಓರೆಯಾಗಿ ಆನಿಸಿ ಇಡ್ತೀನಿ, ಫ್ಯಾನ್ ಹಚ್ಚಲ್ಲ. ಬಟ್ಟೆ ಸುತ್ತಿ ಟ್ರಂಕಿನಾಗೆ ಇಡಬ್ಯಾಡ್ರಿ, ಕತ್ತಲಾಗೆ ಅಗಸಿ ಎಣ್ಣೆ ಹಳದಿ ತಿರುಗ್ತೈತೆ, ಮತ್ತೆ ಬೆಳಕಿಗೆ ಇಟ್ರೆ ಬಹುಪಾಲು ಹೋಗ್ತೈತೆ ಅನ್ನಿ.

ಒಂದು ಎಚ್ಚರಿಕೆ, ಇದನ್ನ ಮರೀಬ್ಯಾಡ್ರಿ. ಎಣ್ಣೆ ಆಕ್ಸಿಜನ್ ಹೀರುವಾಗ ಬಿಸಿ ಹುಟ್ತೈತೆ. ಬೋರ್ಡ್ ಮೇಲೆ ಅದು ಗಾಳಿಗೆ ಹೋಗಿಬಿಡ್ತೈತೆ, ಆದ್ರೆ ಅಗಸಿ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಒಳಗೇ ಬಿಸಿ ಕೂಡ್ತಾ ಹೋಗಿ ಯಾರೂ ಕಡ್ಡಿ ಗೀರದೆ ತಾನೇ ಬೆಂಕಿ ಹತ್ಕೊಳ್ಳಬಹುದು. ಬಳ್ಳಾರಿ ಬ್ಯಾಸಿಗೆಯಾಗೆ ಕೇಳೋದೇ ಬ್ಯಾಡ. ಪ್ರತಿ ರಾತ್ರಿ ಬಟ್ಟೆನ ನೀರು ತುಂಬಿದ ಡಬ್ಬಿಯಾಗೆ ಮುಳುಗಿಸ್ರಿ, ಇಲ್ಲಾ ಹೊರಗೆ ಹರಡಿ ಒಣಗಿಸ್ರಿ.

ಕೂದಲು

ಈಗ ಬಂತು ಎಲ್ಲರೂ ಕಾಯೋ ಭಾಗ. ಮೊದಲು ಫೋಟೋದ ಪ್ರಿಂಟ್ ಮೇಲೆ ಪೆನ್ನಿಂದ ಬಾಣದ ಗುರುತು ಹಾಕಿ, ಕೂದಲು ಎಲ್ಲಿಂದ ಎಲ್ಲಿಗೆ ಹರೀತಾವೆ ಅಂತ. ಮೂತಿ ಮೇಲೆ ಹಿಂದಕ್ಕೆ, ಕೆನ್ನೆಯಿಂದ ಹೊರಕ್ಕೆ, ಕುತ್ತಿಗೆ ಮೇಲೆ ಎರಡೂ ಕಡೆ ಇಳಿಬಿದ್ದು, ಕಾಲಿನ ಮೇಲೆ ಕೆಳಕ್ಕೆ. ಹರಿವು ತಪ್ಪಿದ್ರೆ ಎಷ್ಟು ನಯವಾಗಿ ಎಳೆದ್ರೂ ದಂಡ.

ಆಮೇಲೆ ಫಿಲ್ಬರ್ಟ್‌ನಿಂದ ಕೂದಲನ್ನ ಜೊಂಪೆ ಜೊಂಪೆಯಾಗಿ ಹಚ್ರಿ. ಕರಡಿ ಕೂದಲು ಜಡೆಗಟ್ಟಿದಂಗೆ ಗುಂಪಾಗೇ ಬೀಳ್ತಾವೆ, ಗುಂಪಿನ ನಡುವೆ ದಟ್ಟ ಸಂದಿ. ದಟ್ಟದಿಂದ ತಿಳಿಗೆ ಬರ್ರಿ. ರಿಗ್ಗರ್ ತಗೊಳ್ಳೋದು ಕೊನೆಗೆ, ಬಣ್ಣನ ಶಾಯಿಯಷ್ಟು ತೆಳು ಮಾಡಿ, ಬೆನ್ನಿನ ಅಂಚು, ಕಿವಿ, ಬೆಳಕು ಬಿದ್ದ ಹೆಗಲು, ಇಷ್ಟು ಕಡೆ ಮಾತ್ರ. ನೆರಳಿನ ಒಳಗೆ ಒಂದು ಎಳೆನೂ ಬ್ಯಾಡ. ಅಂಚಿನಾಗೆ ನಾಲ್ಕು ಎಳೆ ಕಂಡ್ರೆ ನೋಡೋರ ಕಣ್ಣು ಉಳಿದ ಮೈಗೂ ತಾನೇ ಕೂದಲು ತುಂಬ್ಕೊಳ್ತೈತೆ. ಮೂರನೇ ಕರಡಿಗೆ ಕೂದಲಿಗೆ ಅಂತ ಎರಡೇ ರಾತ್ರಿ ಹಿಡಿದಿದ್ದು.

ಮುಖ, ಎದೆ, ಉಗುರು

ಮೂತಿಗೆ ಬಿಳಿ, ಓಕರ್, ಚೂರು ಅಂಬರ್, ಅದಕ್ಕೆ ಕಣ್ಣಿಗೆ ಕಾಣದಷ್ಟು ನೀಲಿ. ಬರೀ ಬಿಳಿ ಇಟ್ರೆ ಹಿಟ್ಟು ಮೆತ್ತಿದಂಗಾಗ್ತೈತೆ. ಕಣ್ಣು ಸಣ್ಣದು, ದೊಡ್ಡದು ಮಾಡೋ ಆಸೆ ಎಲ್ಲರಿಗೂ ಬರ್ತೈತೆ, ಮಾಡಿದ್ರೆ ಗೊಂಬೆ ಆಗ್ತೈತೆ. ದಟ್ಟ ಕಂದು ಗುಂಡು, ಮೇಲೆ ರೆಪ್ಪೆಯ ನೆರಳು, ಬೂದು ನೀಲಿಯ ಒಂದೇ ಒಂದು ಚುಕ್ಕೆ, ಬೆಳಕು ಯಾವ ಕಡೆಯಿಂದ ಬರ್ತೈತೋ ಆ ಕಡೆಗೆ. ಮೂಗಿನ ಮೇಲೆ ಒದ್ದೆ ಹೊಳಪು ಅದೇ ಬಣ್ಣದ್ದು. ಎದೆ ಗುರುತೂ, ಉಗುರೂ ಬಿಳಿ ಅಲ್ಲ, ಹಳೆ ದಂತದ ಬಣ್ಣ, ಉಗುರಿನ ಬುಡಕ್ಕೆ ಮಣ್ಣಿನ ಕಂದು. ಗೆದ್ದಲ ಹುತ್ತ ಅಗೆಯೋ ಪ್ರಾಣಿ ಉಗುರು ತೊಳೆದಿಟ್ಟಂಗೆ ಇರಲ್ಲ.

ಪಾದದ ಕೆಳಗೆ, ನೆಲ ತಾಕೋ ಗೆರೆಯಾಗೆ ಆ ನಾಲ್ಕನೇ ಗುಡ್ಡೆಯ ದಟ್ಟ ಕಪ್ಪು ಸಣ್ಣಗೆ ಎಳೀರಿ, ಹೊರಗೆ ಹೋದಂಗೆ ಮಸುಕು ಮಾಡ್ರಿ. ಇದಿಲ್ಲ ಅಂದ್ರೆ ಕರಡಿ ಬಂಡೆ ಮೇಲೆ ತೇಲ್ತೈತೆ. ಮಾಡಿದ ಕೂಡ್ಲೇ ಅದರ ಭಾರ ಬಂಡೆ ಮೇಲೆ ಬೀಳ್ತೈತೆ, ನಂಗೆ ಇಡೀ ಕೆಲಸದಾಗೆ ಭಾಳ ಖುಷಿ ಕೊಟ್ಟ ಗಳಿಗೆ ಅದೇ.

ಮುಗಿದ್ಮೇಲೆ

ಒಣಗಿದ್ಮೇಲೆ ದಟ್ಟ ಬಣ್ಣ ಅಲ್ಲಲ್ಲಿ ಮಂಕಾಗಿ ಬೂದಿ ಹಾರಿದಂಗೆ ಕಾಣ್ತೈತೆ. ಬಣ್ಣ ಕೆಟ್ಟಿತು ಅಂತ ಮತ್ತೆ ಕಪ್ಪು ಬಳೀಬ್ಯಾಡ್ರಿ, ಮೇಲಿನ ಎಣ್ಣೆನ ಕೆಳಗಿನ ಪದರ ಕುಡಿದಿರ್ತೈತೆ ಅಷ್ಟೇ. ಮುಟ್ಟಿದ್ರೆ ಅಂಟದಷ್ಟು ಒಣಗಿದ್ಮೇಲೆ ಅಗಸಿ ಎಣ್ಣೆ, ಟರ್ಪಂಟೈನ್ ಸಮ ಸಮ ಬೆರೆಸಿ ಆ ಜಾಗಕ್ಕೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನ ಒರೆಸಿ ತೆಗೆದ್ರೆ ಕಪ್ಪಿನ ಆಳ ವಾಪಸ್ ಬರ್ತೈತೆ.

ವಾರ್ನಿಶ್‌ಗೆ ಆರು ತಿಂಗಳು ಕಾಯ್ರಿ. ಮುಟ್ಟಾಕೆ ಒಣಗೈತೆ ಅನಿಸಿದ್ರೂ ಒಳಗೆ ಇನ್ನೂ ಹಸಿ ಇರ್ತೈತೆ. ನಾನು ಬೋರ್ಡಿನ ಹಿಂದೆ ಪೆನ್ಸಿಲಲ್ಲಿ ಮುಗಿಸಿದ ತಾರೀಖು, ಬಳಸಿದ ಬಣ್ಣದ ಹೆಸರು, ವಾರ್ನಿಶ್ ಹಚ್ಚೋ ತಿಂಗಳು ಮೂರೂ ಬರೆದಿಡ್ತೀನಿ. ಮೂರನೇದರ ಹಿಂದೆ ದೀಪಾವಳಿ ಆದ್ಮೇಲೆ ಅಂತ ಬರೆದೈತೆ, ಅಲ್ಲಿವರೆಗೂ ಅದು ಪಡಸಾಲೆಯಾಗೆ, ಅವ್ವ ಹೂವು ಕಟ್ಟಾಕೆ ಕೂರೋ ಜಾಗದ ಎದುರಿಗೆ ಇರ್ತೈತೆ. ಅದರ ಪಕ್ಕ ಈಗ 16×20ರ ಹೊಸ ಬೋರ್ಡಿಗೆ ಸಿಯೆನ್ನಾ ಬಳಿದು ಇಟ್ಟೀನಿ, ಈ ಸಲ ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ.